ಮನಿ ಯಾವ ಭಾಗ ಎಷ್ಟ ದಿನಕ್ಕೊಮ್ಮಿ ಸಾಫ್ ಮಾಡ್ಬೇಕು? ಕಲಬುರಗಿ ಕಡಿ ಧೂಳ, ನೀರು, ಬಿಸಲಿಗಿ ಹೊಂದೂ ಪೂರಾ ಲೆಕ್ಕ

ಮನಿ ಸಾಫ್ ಮಾಡೂ ಟೈಮ್‌ಟೇಬಲ್ ಅಂತ ಹುಡುಕಿದ್ರ ಭಾಳ ಸಿಗ್ತಾವ, ಸೋಮವಾರ ಬೆಡ್‌ರೂಮು, ಮಂಗಳವಾರ ಬಾತ್‌ರೂಮು ಅಂತ ಚಂದಾಗಿ ಬರ್ದಿರ್ತಾರ, ಆದ್ರ ಅವು ಯಾವ್ವೂ ನಮ್ ಕಡಿ ಮನಿಗಿ ಬರೋಬರಿ ಕೂಡಂಗಿಲ್ಲ. ನಮ್ಮಲ್ಲಿ ಎಷ್ಟೋ ಓಣಿಗಿ ನಳ ದಿನಾ ಬರಂಗಿಲ್ಲ, ಬಂದಾಗ ತುಂಬಿ ಇಟ್ಕೋಬೇಕು. ಬೋರಿನ ನೀರು ಸವಳ. ಏಪ್ರಿಲ್ ಮೇ ತಿಂಗಳಾಗ 42-43 ಡಿಗ್ರಿ ಬಿಸಲು, ಮಧ್ಯಾಹ್ನ ಗಾಳಿ ಎದ್ರ ಬಾಗಲ ಹಾಕಿದ್ರೂ ಧೂಳ ಒಳಗ ಬರ್ತದ. ತೆಳಗ ಶಹಾಬಾದ ಫರಸಿ. ಅದ್ಕೇ ಕಲಬುರಗಿ, ಬೀದರ, ಯಾದಗಿರಿ ಕಡಿ ಮನಿಗಿ ಹೊಂದೂ ಹಂಗ ಒಂದ್ ಲೆಕ್ಕ ಕೂಡ್ಸಿ ಬರಿಲತ್ತೀನಿ, ನಿಮ್ ಮನಿ ನೋಡ್ಕೊಂಡು ಹೆಚ್ಚು ಕಮ್ಮಿ ಮಾಡ್ಕೋರಿ.

ಮೊದಲ ಮೂರು ಪ್ರಶ್ನಿ

ಯಾವ ಜಾಗಾ ಎಷ್ಟ ದಿನಕ್ಕೊಮ್ಮಿ ಅಂತ ಬಾಯಿಪಾಠ ಮಾಡೂದು ಬ್ಯಾಡ. ಆ ಜಾಗಾದ ಮುಂದ ನಿಂತು ಮೂರು ಮಾತು ಕೇಳ್ಕೋರಿ. ಇಲ್ಲಿ ಹಸಿ ಇರ್ತದೇನು? ಇದು ಬಾಯಿಗಿ ಹೋಗೂ ವಸ್ತುಕ್ಕ ಮುಟ್ತದೇನು? ಅಥವಾ ಇಲ್ಲಿ ಬರೇ ಧೂಳ ಕೂಡ್ತದೇನು?

ಹಸಿ ಇದ್ದಲ್ಲಿ, ಊಟಕ್ಕ ಮುಟ್ಟೂದ್ರಾಗ ದಿನ ತಪ್ಪಿಸಬಾರ್ದು, ಯಾಕಂದ್ರ ರೋಗದ ಹುಳ, ಸೊಳ್ಳಿ, ಜಿರಳಿ ಎಲ್ಲಾ ಅಲ್ಲೇ ಬೆಳಿತಾವ. ಒಣ ಧೂಳ ನೋಡಾಕ ಹೊಲಸ ಕಾಣ್ತದ ಖರೆ, ಆದ್ರ ಅದು ಎರಡು ದಿನ ತಡ ಆದ್ರ ನಡಿತದ (ಮನ್ಯಾಗ ದಮ್ಮಿನವರು, ಸಣ್ಣ ಕೂಸು ಇದ್ರ ನಡಿಯಂಗಿಲ್ಲ, ಅದು ಮುಂದ ಹೇಳ್ತೀನಿ). ನಮ್ ಕಡಿ ಭಾಳ ಮಂದಿ ಉಲ್ಟಾ ಮಾಡ್ತಾರ, ಪಡಸಾಲಿ ಶೋಕೇಸ್ ದಿನಾ ಒರಸ್ತಾರ, ಕುಡಿಯೂ ನೀರಿನ ಟಾಕಿ ಮುಚ್ಚಳ ತಗದು ವರ್ಷ ಆಗಿರ್ತದ. ಬಂದವರಿಗಿ ಶೋಕೇಸ್ ಕಾಣ್ತದ ಟಾಕಿ ಕಾಣಂಗಿಲ್ಲ, ಆದ್ರ ಕೂಸಿಗಿ ವಾಂತಿ ಭೇದಿ ಹತ್ತೂದು ಟಾಕಿಲಿಂದ.

ಮಾಡೂ ಕ್ರಮ ಯಾವಾಗ್ಲೂ ಒಂದೇ ಇರ್ಲಿ: ಮ್ಯಾಲಿಂದ ತೆಳಗ, ಒಣದ್ದು ಮೊದಲ ಹಸಿದು ಆಮ್ಯಾಲ, ಒಳಗಿಂದ ಬಾಗಲ ಕಡಿಗಿ. ನೆಲ ಒರಸಿದ ಮ್ಯಾಲ ಫ್ಯಾನ್ ಒರಸಿದ್ರ ಕೆಲಸ ಎರಡು ಸಲ ಆಗ್ತದ.

ದಿನಾ: ಅಡಗಿಮನಿ

ಜೋಳದ ರೊಟ್ಟಿ ಬಡಿಯೂ ಮನ್ಯಾಗ ಹಿಟ್ಟು ಹಾರೇ ಹಾರ್ತದ. ಕಟ್ಟಿ ಮ್ಯಾಲ, ಒಲಿ ಸಂದ್ಯಾಗ, ಸಿಲಿಂಡರ್ ಹಿಂದ ಕುಂತ ಹಿಟ್ಟಿಗಿ ರಾತ್ರಿ ನೀರು ಬಿದ್ರ ಅಂಟಾಗ್ತದ, ಇರುವಿ ಜಿರಳಿ ಬರ್ತಾವ. ಹಿಂಗ ಮಾಡ್ರಿ:

1. ರೊಟ್ಟಿ ಮುಗದ ಕೂಡ್ಲೇ ಒಣ ಅರಬಿಲಿಂದ ಹಿಟ್ಟು ಝಾಡಿಸಿ ತಗೀರಿ. ಮೊದಲ ಹಸಿ ಅರಬಿ ಹಚ್ಚಬ್ಯಾಡ್ರಿ, ಹಿಟ್ಟು ಕಣಕ ಆಗಿ ಸಂದ್ಯಾಗ ಕೂಡ್ತದ.
2. ರಾತ್ರಿ ಭಾಂಡಿ ತೊಳದ ಮ್ಯಾಲ ಸಿಂಕು ಸಾಬೂನು ಹಚ್ಚಿ ತಿಕ್ಕಿ ಒಣ ಬಿಡ್ರಿ. ಸಿಂಕು ಬಾಯಾಗ ಸಿಗಬಿದ್ದ ಅನ್ನ, ಪಲ್ಯ ದಿನಾ ತಗೀಬೇಕು.
3. ಒಲಿ ಆರಿದ ಮ್ಯಾಲ, ರೆಗ್ಯುಲೇಟರ್ ಬಂದ್ ಮಾಡಿ ಒರಸ್ರಿ.
4. ಕಟ್ಟಿ ಒರಸೂ ಅರಬಿ ದಿನಾ ತೊಳದು ಬಿಸಲಾಗ ಹಾಕ್ರಿ, ವಾರಕ್ಕೊಮ್ಮಿ ಕುದಿಯೂ ನೀರಾಗ ಹತ್ತು ನಿಮಿಷ ಇಡ್ರಿ. ನೆಲ ಒರಸೂ ಅರಬಿ, ಕಟ್ಟಿ ಒರಸೂ ಅರಬಿ ಎಂದೂ ಕೂಡಬಾರ್ದು.
5. ಭಾಂಡಿ ತಿಕ್ಕೂ ಸ್ಪಂಜು ಎರಡ್ ಮೂರು ವಾರಕ್ಕ ಬದಲಿ ಮಾಡ್ರಿ, ನಾತ ಬಂದ್ರ ಅವತ್ತೇ ಒಗೀರಿ. ಸ್ಪಂಜು ಎಂದೂ ಪೂರಾ ಒಣಗಂಗಿಲ್ಲ, ಅದ್ಕೇ ಇಡೀ ಮನ್ಯಾಗ ಹೆಚ್ಚು ಬ್ಯಾಕ್ಟೀರಿಯಾ ಇರೂ ಸಾಮಾನಿನಾಗ ಅದೂ ಒಂದು.

ಕುಸುಬಿ ಎಣ್ಣಿ ಬಳಸೂ ಮನಿಗಿ ಒಂದ್ ಮಾತು. ಕುಸುಬಿ ಎಣ್ಣಿ ಗಾಳಿಗಿ ತೆಳ್ಳಗ ಹರಡಿ ಕುಂತ್ರ ಗಟ್ಟಿ ಆಗ್ತದ, ಬಣ್ಣ ವಾರ್ನಿಶ್ ಮಾಡಾಕ ಬಳಸೂ ಎಣ್ಣಿಗಿ ಇರೂ ಗುಣ ಅದು. ಹಿಂಗಾಗಿ ಒಲಿ ಹಿಂದಿನ ಗೋಡಿ, ಎಣ್ಣಿ ಡಬ್ಬಿ, ಎಕ್ಸಾಸ್ಟ್ ಫ್ಯಾನ್ ಮ್ಯಾಲ ಬಿದ್ದ ಸಿಡಿಯನ್ನ ವಾರದೊಳಗ ತಗದ್ರ ಸಾಬೂನು ನೀರಿಗಿ ಹೋಗ್ತದ, ತಿಂಗಳಗಟ್ಟಲೆ ಬಿಟ್ರ ಹಳದಿ ಅಂಟು ಆಗಿ ಚಾಕು ಹಚ್ಚಿ ಕೆರಿಬೇಕಾಗ್ತದ. ಅದ್ಕೇ ಒಲಿ ಹಿಂದಿನ ಗೋಡಿ ವಾರಕ್ಕೊಮ್ಮಿ, ಎಕ್ಸಾಸ್ಟ್ ಫ್ಯಾನ್ ತಿಂಗಳಿಗೊಮ್ಮಿ. ಅಂಟು ಆಗಿದ್ರ ತಿನ್ನೂ ಸೋಡಾ ಜರಾ ನೀರು ಹಾಕಿ ಕಲಿಸಿ ಹಚ್ಚಿ ಅರ್ಧ ತಾಸು ಬಿಟ್ಟು ಬಿಸಿ ನೀರಿನ ಅರಬಿಲಿಂದ ಒರಸ್ರಿ.

ಫರಸಿ ನೆಲ

ಕಸ ದಿನಾ ಹೊಡಿಯೂದು, ಒರಸೂದು ಅಡಗಿಮನ್ಯಾಗ ದಿನಾ, ಉಳಿದ ಕಡಿ ದಿನ ಬಿಟ್ಟು ದಿನ ಸಾಕು, ನೀರು ಕಮ್ಮಿ ಇದ್ದಾಗ ವಾರಕ್ಕ ಎರಡು ಸಲ ಆದ್ರೂ ನಡಿತದ. ಬ್ಯಾಸಗಿ ಗಾಳಿ ಟೈಮಿನಾಗ ಮುಂಜಾನಿ ಒಮ್ಮಿ ಸಂಜಿ ಒಮ್ಮಿ ಕಸ ಹೊಡಿಬೇಕಾಗ್ತದ, ಗಾಳಿ ನಿಂತ ಮ್ಯಾಲ ಹೊಡೀರಿ, ಎದ್ದಾಗ ಹೊಡದ್ರ ವ್ಯರ್ಥ.

ಆದ್ರ ಫರಸಿ ವಿಷಯದಾಗ ಎಷ್ಟ ಸಲ ಅನ್ನೂದಕ್ಕಿಂತ ಏನು ಹಾಕಿ ಅನ್ನೂದು ಮುಖ್ಯ. ಶಹಾಬಾದ ಕಲ್ಲು ಅಂದ್ರ ಸುಣ್ಣದ ಕಲ್ಲು, ವಾಡಿ, ಮಳಖೇಡ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಕುಂತಿದ್ದು ಈ ಸುಣ್ಣದ ಕಲ್ಲಿನ ಸಲುವಾಗೇ. ಸುಣ್ಣದ ಕಲ್ಲಿಗಿ ಹುಳಿ ಯಾವುದಾದ್ರೂ ಬಿದ್ರ ಕಲ್ಲೇ ಕರಗ್ತದ. ನಿಂಬಿಹಣ್ಣು, ವಿನೆಗರ್, ಸಂಡಾಸ ತೊಳಿಯೂ ಆ್ಯಸಿಡ್ ಯಾವುದೂ ಫರಸಿಗಿ ಹಚ್ಚಬ್ಯಾಡ್ರಿ. ಬಿಳಿ ಕಲಿ ಬೀಳ್ತದ, ಪಾಲಿಶ್ ಹೋಗ್ತದ, ಹೋದ ಮ್ಯಾಲ ಕಲ್ಲು ಒರಟಾಗಿ ಹೊಲಸ ಇನ್ನೂ ಹೆಚ್ಚು ಹಿಡಿತದ. ಕಲಿ ತಗಿಬೇಕಂತ ಮತ್ತ ಆ್ಯಸಿಡ್ ಹಾಕಿದ್ರ ಕೇಳೂದೇ ಬ್ಯಾಡ. ದೇವರ ಮನ್ಯಾಗ ಹಿತ್ತಾಳಿ ಸಮಯ (ದೀಪದ ಕಂಬ), ಗಂಟಿ, ತಾಮ್ರದ ತಂಬಗಿ ಹುಣಸಿಹಣ್ಣು ಹಚ್ಚಿ ತಿಕ್ತೀವಲ್ಲ, ಅದೂ ಹುಳಿನೇ, ಅದ್ಕೇ ಪರಾತದಾಗ ಇಟ್ಟು ತಿಕ್ರಿ, ಸೀದಾ ಫರಸಿ ಮ್ಯಾಲ ಬ್ಯಾಡ. ಫರಸಿಗಿ ಒಂದ್ ಬಕೆಟ್ ನೀರಿಗಿ ಜರಾ ಭಾಂಡಿ ತಿಕ್ಕೂ ಲಿಕ್ವಿಡ್ ಹಾಕಿದ್ರ ಸಾಕು, ಆಮ್ಯಾಲ ಸಾದಾ ನೀರಿಂದ ಒಮ್ಮಿ. ಸಂದಿಗಿ ವಾರಕ್ಕೊಮ್ಮಿ ಹಳೀ ಹಲ್ಲುಜ್ಜೂ ಬ್ರಶ್.

ಎರಿ ಮಣ್ಣಿನ ಹೊಲಕ್ಕ ಹೋಗಿ ಬರೂ ಮನಿಗಿ: ಕಾಲಿಗಿ ಚಪ್ಪಲಿಗಿ ಹತ್ತಿದ ಎರಿ ಹಸಿ ಇದ್ದಾಗ ಒರಸಿದ್ರ ಇಡೀ ಪಡಸಾಲಿ ಬಳ್ದಂಗ ಆಗ್ತದ, ಒಣಗಾಕ ಬಿಡ್ರಿ, ತಾನೇ ಬಿರಕ ಬಿಟ್ಟು ಉದರ್ತದ, ಕಸಬರಗಿ ಸಾಕು. ಬೀದರ ಕಡಿ ಕೆಂಪು ಮಣ್ಣು ಅಷ್ಟು ಅಂಟಂಗಿಲ್ಲ ಆದ್ರ ಕಲಿ ಬಿಡ್ತದ, ಬಾಗಲ ಹೊರಗೊಂದು ಒಳಗೊಂದು ಗೋಣಿ ಚೀಲ ಹಾಸಿ ವಾರಕ್ಕೊಮ್ಮಿ ಝಾಡಿಸ್ರಿ.

ದಮ್ಮು, ಅಲರ್ಜಿ ಇದ್ದವರ ಮನಿ, ಕಲ್ಲು ಪಾಲಿಶ್ ಮಾಡೂ ಜಾಗಾ, ಸಿಮೆಂಟ್ ಫ್ಯಾಕ್ಟರಿ, ದಾಲ್‌ಮಿಲ್ ಬಾಜು ಇರೂ ಮನಿ ಇದ್ರ ಒಣ ಕಸಬರಗಿಲಿಂದ ಜೋರ್ಲೆ ಹೊಡಿಬ್ಯಾಡ್ರಿ. ಧೂಳ ಎದ್ದು ಮತ್ತ ಮೂಗಿಗೇ ಹೋಗ್ತದ. ಹಿಂಡಿದ ಹಸಿ ಅರಬಿಲಿಂದ ದಿನಾ ಒರಸೂದೇ ಛಲೋ, ಮತ್ತ ಆ ಕೆಲಸ ದಮ್ಮು ಇದ್ದವರು ಮಾಡಬಾರ್ದು.

ವಾರಕ್ಕೊಮ್ಮಿ, ತಪ್ಪಿಸಬಾರ್ದಂಥದ್ದು: ತುಂಬಿಟ್ಟ ನೀರು

ಈ ಭಾಗ ಪೂರಾ ಓದ್ರಿ, ನಮ್ ಕಡಿ ಮನಿಗಿ ಎಲ್ಲಕ್ಕಿಂತ ಮುಖ್ಯ ಇದೇ. ನಳ ದಿನಾ ಬರಲ್ದಕ್ಕ ನಾವು ಡ್ರಮ್ಮು, ಹಂಡೆ, ಕೊಡ, ಸಿಮೆಂಟ್ ಹೌದ (ತೊಟ್ಟಿ) ತುಂಬಿ ಇಡ್ತೀವಿ. ಡೆಂಗಿ, ಚಿಕುನ್‌ಗುನ್ಯಾ ತರೂ ಈಡಿಸ್ ಸೊಳ್ಳಿ ಗಟಾರ ನೀರಾಗ ಅಲ್ಲ, ಇಂಥ ಸಾಫ್ ನೀರಾಗೇ ತತ್ತಿ ಇಡ್ತದ, ಹಗಲಿನಾಗ ಕಡಿತದ. ತತ್ತಿಲಿಂದ ಹಾರೂ ಸೊಳ್ಳಿ ಆಗಾಕ 7 ರಿಂದ 10 ದಿನ ಬೇಕು. ವಾರಕ್ಕೊಮ್ಮಿ ಅನ್ನೂ ಲೆಕ್ಕ ಬಂದಿದ್ದು ಇಲ್ಲಿಂದ, ಏಳು ದಿನದೊಳಗ ಪಾತ್ರಿ ಒಮ್ಮಿ ಖಾಲಿ ಆಗಿ ತಿಕ್ಕಿ ಒಣಗಿದ್ರ ಒಂದೂ ಸೊಳ್ಳಿ ಹೊರಗ ಬರಂಗಿಲ್ಲ.

ತಿಕ್ಕಿ ಅಂತ ಹೇಳಿದ್ದಕ್ಕ ಕಾರಣ ಅದ. ಈ ತತ್ತಿ ನೀರಿನ ಅಂಚಿಗಿ, ಡ್ರಮ್ಮಿನ ಗೋಡಿಗಿ ಅಂಟಿ ಕೂಡ್ತಾವ, ನೀರು ಚೆಲ್ಲಿದ್ರೂ ಹೋಗಂಗಿಲ್ಲ, ಒಣಗಿದ್ರೂ ತಿಂಗಳಗಟ್ಟಲೆ ಜೀವಾ ಹಿಡಕೊಂಡು ಇರ್ತಾವ, ಮತ್ತ ನೀರು ತುಂಬಿದ ಕೂಡ್ಲೇ ಒಡಿತಾವ. ಹಿಂಗಾಗಿ:

1. ನಳ ಬರೂ ಹಿಂದಿನ ದಿನ ಹಳೀ ನೀರು ಬಳಸಿ ಖಾಲಿ ಮಾಡ್ರಿ. ಉಳಿದಿದ್ದು ನೆಲ ಒರಸಾಕ, ಸಂಡಾಸಕ್ಕ, ಗಿಡಕ್ಕ. ಚೆಲ್ಲೂದು ಬ್ಯಾಡ, ಲಾರ್ವಾ (ಸೊಳ್ಳಿ ಮರಿಹುಳ) ಕಂಡ್ರ ಮಾತ್ರ ಒಣ ಮಣ್ಣಿನ ಮ್ಯಾಲ ಚೆಲ್ರಿ, ಗಟಾರಕ್ಕ ಬ್ಯಾಡ.
2. ಒಳಗಿನ ಗೋಡಿ, ಅದ್ರಾಗೂ ನೀರಿನ ಅಂಚು ಬರೂ ಪಟ್ಟಿ, ತೆಂಗಿನ ನಾರು ಅಥವಾ ಬ್ರಶ್ ಹಚ್ಚಿ ಜೋರ್ಲೆ ತಿಕ್ರಿ.
3. ಬೋರಲ ಹಾಕಿ ಒಂದ್ ತಾಸು ಬಿಸಲಾಗ ಬಿಡ್ರಿ.
4. ತುಂಬಿದ ಮ್ಯಾಲ ಬಾಯಿಗಿ ಹಳೀ ಧೋತರ ಅರಬಿ ಕಟ್ಟಿ ಮ್ಯಾಲ ಮುಚ್ಚಳ. ಬರೇ ಮುಚ್ಚಳಕ್ಕ ಸಂದಿ ಇರ್ತದ.

ನಳ ವಾರಕ್ಕಿಂತ ಹೆಚ್ಚು ತಡ ಆಗಿ ಪಾತ್ರಿ ಖಾಲಿ ಮಾಡಾಕ ಆಗಲಿಲ್ಲ ಅಂದ್ರ, ಬಳಸೂ ನೀರನ್ನ ಅರಬಿಲಿಂದ ಸೋಸಿ ಬ್ಯಾರೆ ಪಾತ್ರಿಗಿ ಹಾಕಿ, ಹಳೀ ಪಾತ್ರಿ ತಿಕ್ಕಿ, ಅದೇ ನೀರು ತಿರಗಿ ತುಂಬ್ರಿ, ಒಂದ್ ತಂಬಗಿ ನೀರೂ ಹಾಳಾಗಂಗಿಲ್ಲ.

ಕೂಲರ್ ಕತಿನೂ ಇದೇ. ಬ್ಯಾಸಗಿ ಮೂರು ತಿಂಗಳು ಕೂಲರ್ ಇಲ್ಲದೇ ನಮ್ ಕಡಿ ಮಲಗಾಕ ಆಗಂಗಿಲ್ಲ, ಅದ್ರ ಟ್ಯಾಂಕು ವಾರಕ್ಕೊಮ್ಮಿ ಖಾಲಿ ಆಗ್ಲೇಬೇಕು. ಮೊದಲ ಪ್ಲಗ್ ಕೀಳ್ರಿ, ಬರೇ ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ, ಕಬ್ಬಿಣದ ಕೂಲರಿಗಿ ಕರೆಂಟ್ ಇಳದು ಜೀವಾ ಹೋದದ್ದು ಪ್ರತಿ ಬ್ಯಾಸಗಿ ಕೇಳ್ತೀವಿ. ತೆಳಗಿನ ಬೂಚು ತಗದು ನೀರು ಬಿಟ್ಟು, ಟ್ಯಾಂಕಿನ ಗೋಡಿ ತಿಕ್ಕಿ, ಹುಲ್ಲಿನ ಪ್ಯಾಡಿಗಿ ಕುಂತ ಉಪ್ಪು ಝಾಡಿಸಿ ಪೈಪಿನ ನೀರು ಹೊಡೀರಿ. ಸವಳ ನೀರು ಹಾಕೂ ಕೂಲರಿನ ಪ್ಯಾಡು ಒಂದ್ ಸೀಸನ್ನಿಗಿ ಗಟ್ಟಿ ಆಗಿ ಗಾಳಿ ಬಿಡಂಗಿಲ್ಲ, ಮುಂದಿನ ವರ್ಷಕ್ಕ ಹೊಸಾದು ಹಾಕ್ರಿ. ಮಳಿ ಹತ್ತಿದ ಮ್ಯಾಲ ಕೂಲರ್ ಮೂಲಿಗಿ ಇಡೂ ಮುಂದ ಪೂರಾ ಒಣಗಿಸಿ ಇಡ್ರಿ, ತೆಳಗ ಎರಡು ಬೆರಳ ನೀರು ಉಳಿದ್ರೂ ಸಾಕು ಸೊಳ್ಳಿಗಿ. ಫ್ರಿಜ್ ಹಿಂದಿನ ನೀರಿನ ತಟ್ಟಿ, ಪಕ್ಷಿಗಿ ಇಡೂ ಬಟ್ಟಲ, ಹೂವಿನ ಕುಂಡಿ ತೆಳಗಿನ ಪ್ಲೇಟು ಇವೂ ಅವತ್ತೇ. ಶಹಾಪುರ, ಸುರಪುರ ಕಡಿ ಕಾಲುವಿ ನೀರಿನ ಭತ್ತದ ಗದ್ದಿ ಇದ್ದಲ್ಲಿ ಬ್ಯಾರೆ ಸೊಳ್ಳಿನೂ ಹೆಚ್ಚು, ಅಲ್ಲಿ ಕಿಡಕಿ ಜಾಳಿ ತೂತಾಗ್ಯಾದೇನು ಅಂತ ತಿಂಗಳಿಗೊಮ್ಮಿ ನೋಡ್ರಿ.

ಕುಡಿಯೂ ನೀರಿನ ಹರವಿ, ಗಡಿಗಿ ಮಾತ್ರ ವಾರಕ್ಕೆರಡು ಸಲ. ಮಣ್ಣಿನ ಗಡಿಗಿಗಿ ಸಾಬೂನು ಹಚ್ಚಬ್ಯಾಡ್ರಿ, ಮಣ್ಣು ಕುಡಿತದ. ಬಿಸಿ ನೀರು, ನಾರು ಸಾಕು.

ಬಚ್ಚಲ, ಸಂಡಾಸ

ಸಂಡಾಸ ವಾರಕ್ಕ ಎರಡು ಮೂರು ಸಲ, ಮನ್ಯಾಗ ಭೇದಿ ಆದವರು ಇದ್ರ ದಿನಾ. ಬಚ್ಚಲ ನೆಲ ವಾರಕ್ಕೊಮ್ಮಿ ಪೂರಾ ತಿಕ್ಕಬೇಕು, ಮೋರಿ ಜಾಳ್ಯಾಗ ಕುಂತ ಕೂದಲಾ ದಿನಾ ತಗೀರಿ.

ಬೋರಿನ ನೀರಿಂದ ನಳಕ್ಕ, ಬಕೆಟ್ಟಿಗಿ, ಶವರಿಗಿ ಬಿಳಿ ಪದರ ಕೂಡ್ತದ. ಅದೂ ಸುಣ್ಣನೇ. ಅದ್ಕ ಸೋಡಾ ಹಾಕಿ ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ, ಹುಳಿ ಬೇಕು. ಕಿರಾಣಿ ಅಂಗಡ್ಯಾಗ ಸಿಗೂ ಸಿಟ್ರಿಕ್ ಆ್ಯಸಿಡ್ ಪುಡಿ ಎರಡ್ ಚಮಚ ಅರ್ಧ ಲೀಟರ್ ಬಿಸಿ ನೀರಿಗಿ ಹಾಕಿ, ಅರಬಿ ಅದ್ದಿ ನಳಕ್ಕ ಸುತ್ತಿ ಅರ್ಧ ತಾಸು ಬಿಡ್ರಿ, ಒರಸಿದ್ರ ಹೋಗ್ತದ. ತಿಂಗಳಿಗೊಮ್ಮಿ ಮಾಡಿದ್ರ ಹಗುರ. ಬಚ್ಚಲ ನೆಲ ಫರಸಿ ಇದ್ರ ತೆಳಗ ಹನಿ ಬೀಳಲ್ದಂಗ ಬಕೆಟ್ ಇಡ್ರಿ.

ಒಂದ್ ಎಚ್ಚರಿಕಿ: ಸಂಡಾಸಕ್ಕ ಹಾಕೂ ಆ್ಯಸಿಡ್ ಲಿಕ್ವಿಡ್, ಬ್ಲೀಚಿಂಗ್ ಪೌಡರ್ ಎರಡೂ ಕೂಡಿಸಿ ಎಂದೂ ಹಾಕಬ್ಯಾಡ್ರಿ. ಕ್ಲೋರಿನ್ ಗ್ಯಾಸ್ ಹುಟ್ತದ, ಸಣ್ಣ ಸಂಡಾಸದಾಗ ಬಾಗಲ ಹಾಕ್ಕೊಂಡು ಮಾಡಿದ್ರ ಉಸಿರೇ ಕಟ್ತದ. ಇವತ್ತ ಒಂದ್ ಹಾಕಿದ್ರ ಪೂರಾ ನೀರು ಹೊಡದು ಇನ್ನೊಂದು ಬ್ಯಾರೆ ದಿನ.

ಧೂಳ ಕೂಡೂ ಜಾಗಾ

ಫ್ಯಾನ್ ಬ್ಯಾಸಗ್ಯಾಗ ಹದಿನೈದು ದಿನಕ್ಕ, ಉಳದಾಗ ತಿಂಗಳಿಗೊಮ್ಮಿ. ಹಳೀ ತಲಿದಿಂಬಿನ ಕವರ್ ರೆಕ್ಕಿಗಿ ತೊಡಿಸಿ ಎಳದ್ರ ಧೂಳ ಕವರಿನಾಗೇ ಬೀಳ್ತದ. ಎಸಿ ಇದ್ರ ಫಿಲ್ಟರ್ ಜಾಳಿ ಎರಡು ವಾರಕ್ಕೊಮ್ಮಿ ತೊಳೀರಿ, ನಮ್ ಧೂಳಿಗಿ ತಿಂಗಳು ಬಿಟ್ರ ಗಾಳಿನೇ ಬರಂಗಿಲ್ಲ, ಬಿಲ್ಲು ಏರ್ತದ. ಕಿಡಕಿ, ಮೂಲ್ಯಾಗಿನ ಜಾಡ ತಿಂಗಳಿಗೊಮ್ಮಿ. ತೊಗರಿ ರಾಶಿ ಟೈಮಿನಾಗ, ಅಂದ್ರ ಡಿಸೆಂಬರ್ ಜನವರಿಗಿ, ಚೀಲ ಮನ್ಯಾಗ ಇಳದ್ರ ಹೊಟ್ಟಿನ ಧೂಳ ಒಳಗೆಲ್ಲಾ ಹೊಗ್ತದ, ಆಗ ವಾರಕ್ಕೊಮ್ಮಿ. ಸ್ವಿಚ್ಚು, ಬಾಗಲ ಚಿಲಕ, ರಿಮೋಟು, ಮೊಬೈಲು ವಾರಕ್ಕೊಮ್ಮಿ, ಯಾರಿಗಾದ್ರೂ ಜ್ವರ ನೆಗಡಿ ಇದ್ರ ದಿನಾ.

ಹಾಸಿಗಿ ಚಾದರ, ದಿಂಬಿನ ಕವರ್ ಬ್ಯಾಸಗ್ಯಾಗ ಬೆವರಿಗಿ ವಾರಕ್ಕೊಮ್ಮಿ, ಚಳಿಗಾಲದಾಗ ಹತ್ತು ಹದಿನೈದು ದಿನ ನಡಿತದ. ಗಾದಿ ತಿಂಗಳಿಗೊಮ್ಮಿ ಮಾಳಗಿ ಮ್ಯಾಲ ಬಿಸಲಿಗಿ ಹಾಕಿ ಎರಡೂ ಮಗ್ಗಲ ಬಡೀರಿ.

ತಿಂಗಳಿಗೊಮ್ಮಿ: ಫ್ರಿಜ್, ಕಾಳು ಕಡಿ

ಫ್ರಿಜ್ಜಿನಾಗ ಏನೇನು ಕೆಟ್ಟದ ಅಂತ ವಾರಕ್ಕೊಮ್ಮಿ ನೋಡ್ರಿ, ತಿಂಗಳಿಗೊಮ್ಮಿ ಖಾಲಿ ಮಾಡಿ ಒಂದ್ ಲೀಟರ್ ಉಗುರುಬೆಚ್ಚಗಿನ ನೀರಿಗಿ ಒಂದ್ ಚಮಚ ತಿನ್ನೂ ಸೋಡಾ ಹಾಕಿ ಒರಸ್ರಿ. ಬಾಗಲ ರಬ್ಬರ್ ಮರೀಬ್ಯಾಡ್ರಿ, ಕರಿ ಬೂಸು ಅಲ್ಲೇ ಕೂಡ್ತದ.

ವರ್ಷದ ಜೋಳ, ತೊಗರಿಬ್ಯಾಳಿ ತುಂಬಿಡೂ ಮನಿ ಇದ್ರ ತಿಂಗಳಿಗೊಮ್ಮಿ ಕೈ ಹಾಕಿ ನೋಡ್ರಿ. ಬಿಸಿ ಹತ್ತಿದ್ರ, ಹಿಟ್ಟು ಉದರಿದ್ರ ನುಸಿ ಬಿದ್ದದ ಅಂತ ಅರ್ಥ, ಅವತ್ತೇ ಹಾಸಿ ಬಿಸಲಿಗಿ ಹಾಕಿ ಜರಡಿ ಹಿಡೀರಿ. ಡಬ್ಬಿ ಖಾಲಿ ಆದಾಗೆಲ್ಲಾ ತೊಳದು ಪೂರಾ ಒಣಗಿಸಿನೇ ಹೊಸಾದು ಹಾಕ್ಬೇಕು, ಹಳೀ ಕಾಳಿನ ಮ್ಯಾಲ ಹೊಸಾದು ಸುರುವಿದ್ರ ತೆಳಗಿನ ಹುಳ ಮ್ಯಾಲ ಬರ್ತದ. ತೊಗರಿಬ್ಯಾಳಿಗಿ ಔಡಲೆಣ್ಣಿ ಕೈಗಿ ಸವರ್ಕೊಂಡು ಹಚ್ಚೂದು ಹಿರಿಯರ ಪದ್ಧತಿ, ಖರೇನೇ ಕೆಲಸ ಮಾಡ್ತದ.

ಆರು ತಿಂಗಳಿಗೊಮ್ಮಿ: ಟಾಕಿ, ಸಂಪು

ಮಾಳಗಿ ಮ್ಯಾಲಿನ ಟಾಕಿ ಆರು ತಿಂಗಳಿಗೊಮ್ಮಿ, ಬೋರಿನ ನೀರು ಅಥವಾ ಮಳಿಗಾಲದ ಕೆಂಪು ನೀರು ಬರೂ ಮನಿಗಿ ಮೂರು ತಿಂಗಳು.

1. ಮೋಟರ್ ಮೇನ್ ಬಂದ್ ಮಾಡ್ರಿ, ನೀರು ಬಳಸಿ ತಳಕ್ಕ ತರ್ರಿ.
2. ತಳದ ರಾಡಿ ತಗದು, ಗೋಡಿ ಉದ್ದ ಹಿಡಕಿ ಬ್ರಶ್‌ಲಿಂದ ತಿಕ್ರಿ. ಸಾಬೂನು ಪೌಡರ್ ಬ್ಯಾಡ.
3. 10 ಲೀಟರ್ ನೀರಿಗಿ ಎರಡ್ ಸಣ್ಣ ಚಮಚ ಬ್ಲೀಚಿಂಗ್ ಪೌಡರ್ ಕಲಿಸಿ, ಸುಣ್ಣ ತಳಕ್ಕ ಕುಂತ ಮ್ಯಾಲ ತಿಳಿ ನೀರು ಬ್ಯಾರೆ ಬಕೆಟ್ಟಿಗಿ ತಗದು, ಅದ್ನ ಗೋಡಿಗಿ ತಳಕ್ಕ ಸವರಿ ಅರ್ಧ ತಾಸು ಬಿಡ್ರಿ. ಕೈಗಿ ರಬ್ಬರ್ ಗ್ಲೌಸ್ ಇರ್ಲಿ.
4. ಸಾದಾ ನೀರಿಂದ ತೊಳದು ಆ ನೀರು ಹೊರಗ ಬಿಟ್ಟು ತುಂಬ್ರಿ.

ಟಾಕಿ ಪೂರಾ ತುಂಬಿ ಬ್ಲೀಚಿಂಗ್ ಹಾಕಿ ಚೆಲ್ಲೂ ಪದ್ಧತಿನೂ ಅದ, ಆದ್ರ ನಮ್ಮಲ್ಲಿ ಅಷ್ಟು ನೀರು ಚೆಲ್ಲಾಕ ಮನಸ್ಸು ಬರಂಗಿಲ್ಲ, ಸವರೂದೇ ಸಾಕಾಗ್ತದ.

ಸಂಪಿಗಿ ಒಬ್ಬರೇ ಇಳಿಬ್ಯಾಡ್ರಿ. ಭಾಳ ದಿನ ಮುಚ್ಚಿದ ಸಂಪಿನಾಗ ಉಸಿರಾಡೂ ಗಾಳಿ ಕಮ್ಮಿ ಇರ್ತದ, ಇಳದವರು ಕುಸಿದ್ರು ಅಂತ ಅವರನ್ನ ಎಬ್ಬಿಸಾಕ ಇಳದವರೂ ಹೋಗಿಬಿಟ್ಟಾರ. ಮುಚ್ಚಳ ತಗದು ಎರಡ್ ಮೂರು ತಾಸು ಬಿಡ್ರಿ, ಮ್ಯಾಲ ಒಬ್ಬರು ನಿಂತಿರ್ಲಿ, ಒಳಗ ಬ್ಲೀಚಿಂಗ್ ಹಾಕ್ಕೊಂಡು ಕುಂಡ್ರಬ್ಯಾಡ್ರಿ. ಆಳ ಇದ್ರ ಟಾಕಿ ತೊಳಿಯೂ ಮಂದಿಗಿ ಕರೀರಿ, ಅವರಿಗೂ ಈ ಎಲ್ಲಾ ವ್ಯವಸ್ಥಾ ಇರ್ಬೇಕು.

ರೋಹಿಣಿ ಮಳ್ಯಾಗ, ಮಿರಗ (ಮೃಗಶಿರಾ ಮಳಿ) ಕೂಡೂದ್ರೊಳಗ

ಮೇ ಕಡೀ ವಾರ ರೋಹಿಣಿ ಹತ್ತಿತು ಅಂದ್ರ ಮನಿ ಹೊರಗಿನ ಕೆಲಸ ಮುಗಸಬೇಕು, ಜೂನ್ 7-8ಕ್ಕ ಮಿರಗ. ಮಾಳಗಿ ಕಸ ಹೊಡದು ನೀರು ಹರಿಯೂ ದೋಣಿ ಬಾಯಿ ತಗೀರಿ, ಒಂದ್ ಬಕೆಟ್ ನೀರು ಸುರುವಿ ಹೋಗ್ತದೇನು ನೋಡ್ರಿ. ಹಳೀ ಟೈರು, ಒಡದ ಗಡಿಗಿ, ತೆಂಗಿನ ಚಿಪ್ಪು ಮಾಳಗಿ ಮ್ಯಾಲಿಂದ ಇಳಸ್ರಿ. ಹಿತ್ತಲದಾಗ ಪೇರಿಸಿದ ಕಲ್ಲು, ಕಟಗಿ, ಇಟ್ಟಂಗಿ ತೆಳಗ ಚೇಳು ಇರ್ತಾವ, ಮಳಿ ಬಿದ್ರ ಮನ್ಯಾಗ ಬರ್ತಾವ, ಅದ್ಕೇ ಆ ಕುಪ್ಪಿ ಗೋಡಿಲಿಂದ ದೂರ ಹಾಕ್ರಿ, ಕೈ ಹಾಕೂ ಮುಂದ ಕೋಲಿಲಿಂದ ಸರಸ್ರಿ. ಮಳಿಗಾಲ ಪೂರಾ ಚಪ್ಪಲಿ, ಹಾಸಿಗಿ ದಿನಾ ಝಾಡಿಸೂದು. ಬಾಗಲ ಚೌಕಟ್ಟಿಗಿ ಒರಲಿ ಮಣ್ಣು ಕಂಡ್ರ ಬರೇ ಕೆರದು ಬಿಡೂದಲ್ಲ, ಔಷಧ ಹೊಡಸ್ರಿ.

ಯಾರು ಮಾಡ್ಬೇಕು

ಇಷ್ಟೂ ಓದಿ ಮನಿ ಹೆಣ್ಮಗಳ ತಲಿ ಮ್ಯಾಲ ಹಾಕಿದ್ರ ಬರದದ್ದೇ ತಪ್ಪಾಗ್ತದ. ಟಾಕಿ, ಕೂಲರ್, ಫ್ಯಾನ್, ಮಾಳಗಿ ಗಂಡಸರು ಕಾಯಂ ಹಿಡೀಲಿ, ಸಂಡಾಸನೂ ಪಾಳಿ ಮ್ಯಾಲ ಬರ್ಲಿ. ಹತ್ತು ವರ್ಷದ ಹುಡುಗರಿಗಿ ಸ್ವಿಚ್ಚು, ಚಪ್ಪಲಿ ಸ್ಟ್ಯಾಂಡು, ಚಾದರ ಬದಲಿ ಮಾಡೂದು ಕೊಡ್ರಿ, ಹುಡುಗ ಹುಡುಗಿ ಭೇದ ಬ್ಯಾಡ. ಆದ್ರ ಬ್ಲೀಚಿಂಗ್, ಆ್ಯಸಿಡ್, ಸಂಪಿನ ಹತ್ರ ಹುಡುಗರನ್ನ ಬಿಡಬ್ಯಾಡ್ರಿ. ಕ್ಯಾಲೆಂಡರಿನಾಗ ನಳ ಬರೂ ದಿನಕ್ಕ ಗೋಲ ಹಾಕಿ, ಡ್ರಮ್ಮು ಯಾರು, ಕೂಲರ್ ಯಾರು ಅಂತ ಹೆಸರು ಬರೀರಿ.

ವರ್ಷಕ್ಕೊಮ್ಮಿ: ನವಮಿ

ನವರಾತ್ರಿ ಘಟ ಕೂಡೂ ಮುಂಚೆ ಇಡೀ ಮನಿ ಹೊರಗ ತಗದು ತೊಳಿಯೂ ಪದ್ಧತಿ ನಮ್ಮಲ್ಲಿ ಅದ, ಮುಸ್ಲಿಮ್ ಮನ್ಯಾಗ ರಂಜಾನ್ ಹಬ್ಬದ ಮುಂದ ಹಿಂಗೇ ಮಾಡ್ತಾರ. ಟೈಮಿಂಗ್ ನೋಡಿದ್ರ ಬರೋಬರಿ ಅದ, ನವಮಿ ಹೊತ್ತಿಗಿ ಮಳಿ ಹಿಂದ ಸರದು ಕೆರಿ ಹಳ್ಳಕ್ಕ ನೀರು ಇರ್ತದ, ಬಿಸಲೂ ಖಡಕ್ ಇರ್ತದ, ಮಳಿಗಾಲದ ಹಸಿ, ಬೂಸು ತಗಿಯಾಕ ಇದಕ್ಕಿಂತ ಛಲೋ ಹೊತ್ತಿಲ್ಲ. ಅಟ್ಟ, ಟ್ರಂಕು, ಕಪಾಟಿನ ಹಿಂದ, ಗೋಡಿ ಸುಣ್ಣ ಬಣ್ಣ ಎಲ್ಲಾ ಆಗ. ಎಲ್ಲಾ ಒಂದೇ ದಿನಕ್ಕ ಇಟ್ಕೋಬ್ಯಾಡ್ರಿ, ದಿನಕ್ಕೊಂದು ಖೋಲಿ ಹಿಡೀರಿ, ಮೊದಲ ಅಟ್ಟ, ಕಡೀಕ ಅಡಗಿಮನಿ.

ಕೌದಿ ಒಗಿಯೂದು ಎಲ್ಲಕ್ಕಿಂತ ಭಾರ. ಹಿಂದಿನ ರಾತ್ರಿ ಪೌಡರ್ ನೀರಾಗ ನೆನಿ ಹಾಕ್ರಿ, ಮುಂಜಾನಿ ಕಾಲಿಲಿಂದ ತುಳದು ಹೊಲಸ ಬಿಡಸ್ರಿ, ಹಿಂಡಾಕ ಇಬ್ಬರು ಬೇಕು, ಒಬ್ಬರು ಒಂದ್ ಕಡಿ ಹಿಡದು ತಿರುವ್ರಿ. ಹಸಿ ಕೌದಿ ಒಂದೇ ಹಗ್ಗಕ್ಕ ತೂಗ ಹಾಕಿದ್ರ ಭಾರಕ್ಕ ಹೊಲಿಗಿ ಕಿತ್ತಬರ್ತದ, ಎರಡು ಹಗ್ಗದ ಮ್ಯಾಲ ಹರವ್ರಿ ಅಥವಾ ಸಾಫ್ ಮಾಡಿದ ಮಾಳಗಿ ಮ್ಯಾಲ ಹಾಸ್ರಿ, ಮಧ್ಯಾಹ್ನ ಮಗ್ಗಲ ಬದಲಿ ಮಾಡ್ರಿ. ಮ್ಯಾಲಿನ ಅರಬಿ ಒಣಗಿದ್ರೂ ಒಳಗಿನ ಪದರ ಹಸಿ ಇರ್ತದ, ಎರಡನೇ ದಿನನೂ ಬಿಸಲು ಕೊಟ್ಟು, ಸಂಜಿ ಕಾವು ಇಳದ ಮ್ಯಾಲ ಮಡಚಿ, ಮಡಿಕಿ ನಡುವ ಒಣ ಬೇವಿನ ಎಲಿ ಇಟ್ಟು ಟ್ರಂಕಿಗಿ ಹಾಕ್ರಿ.